ಅರ್ಧ ತಂಡದ ಕಾಲಲ್ಲಿ ಚೆಂಡು ನಿಲ್ಲದಿದ್ದರೆ ಪಾಸಿಂಗ್ ಆಟ ಆಡಿಸುವುದು ಹೇಗೆ?

ನೀವು ಕೇಳಿದ್ದು ಇದು, ಅಲ್ವಾ ಸರ್? ಫುಟ್‌ಬಾಲ್ ಆಡುವ 13-14 ವಯಸ್ಸಿನ 16 ಹುಡುಗರು. ನಾಲ್ಕೈದು ಜನಕ್ಕೆ ಚೆಂಡು ಹೇಳಿದ ಮಾತು ಕೇಳುತ್ತದೆ, ಉಳಿದವರಿಗೆ ತಾಗಿದ ಕೂಡಲೇ ಎರಡು ಮೀಟರ್ ಆಚೆ ಹೋಗುತ್ತದೆ. ಹಿಂದಿನಿಂದ ಪಾಸ್ ಮಾಡುತ್ತಾ ಆಡಿಸಲು ಹೋದರೆ ಮೂರನೇ ಪಾಸಿಗೇ ಚೆಂಡು ಎದುರಾಳಿ ಪಾಲು. ಎರಡು ಗುಂಪು ಮಾಡಲಾ, ಇಲ್ಲ ಈ ಆಟವನ್ನೇ ಬಿಡಲಾ ಅಂತ.

ಎರಡೂ ಬೇಡ. ನಾನು ನೋಡಿದ ಮಟ್ಟಿಗೆ ಪಾಸ್ ಕೆಡುವುದು ಜಾಸ್ತಿ ಕೊಡುವವನಿಂದ. ಚೆನ್ನಾಗಿ ಆಡುವ ಹುಡುಗ ಪುಟಿಯುವ ಚೆಂಡನ್ನು ಜೋರಾಗಿ, ಅದೂ ಡಿಫೆಂಡರ್ ನಿಂತಿರುವ ಕಡೆಯ ಕಾಲಿಗೆ ಕೊಡುತ್ತಾನೆ. ಚೆಂಡು ಹೋದರೆ ಬೈಗುಳ ಮಾತ್ರ ತೆಗೆದುಕೊಂಡವನಿಗೆ. ಇದನ್ನು ಮೊದಲು ತಿರುಗಿಸಿ.

ಹೇಗೆಂದರೆ, ನಾಲ್ವರು ಹೊರಗೆ, ಒಬ್ಬ ನಡುವೆ ಇರುವ ರೋಂಡೊ ಹಾಕಿ. ಅಂದರೆ ಹೊರಗಿನವರು ಪಾಸ್ ಮಾಡುತ್ತಿರುತ್ತಾರೆ, ನಡುವಿನವನು ಡಿಫೆಂಡರ್ ಆಗಿ ಚೆಂಡು ಕಸಿಯಲು ನೋಡುತ್ತಾನೆ. ಸುಮಾರು 10 ಮೀಟರ್ ಚೌಕ ಸಾಕು. ಒಳ್ಳೆಯವರನ್ನೂ ಕಲಿಯುವವರನ್ನೂ ಬೆರೆಸಿಯೇ ನಿಲ್ಲಿಸಿ. ನಿಯಮ ಒಂದೇ: ಪಾಸ್ ನೆಲದ ಮೇಲೆ ಉರುಳಿಕೊಂಡು, ಡಿಫೆಂಡರ್‌ನಿಂದ ದೂರ ಇರುವ ಕಾಲಿಗೆ ಬರಬೇಕು. ಹಾಗೆ ಬರದೆ ಚೆಂಡು ಹೋದರೆ ನಡುವೆ ಹೋಗುವವನು ಕೊಟ್ಟವನು. ಸ್ವಲ್ಪ ದಿನ ಒಳ್ಳೆಯ ಆಟಗಾರರ ಮುಖ ಊದಿಕೊಂಡಿರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಅವರ ಪಾಸ್ ಮೆತ್ತಗಾಗುತ್ತಾ ಬರುತ್ತದೆ, ಉಳಿದವರ ಕಾಲಲ್ಲಿ ಚೆಂಡು ನಿಲ್ಲತೊಡಗುತ್ತದೆ. ಆಮೇಲೆ ನಡುವೆ ಇಬ್ಬರನ್ನು ಹಾಕಿ.

‘ಎಲ್ಲರಿಗೂ ಎರಡೇ ಟಚ್’, ಅಂದರೆ ಎರಡು ಸಲ ಮುಟ್ಟುವುದರೊಳಗೆ ಪಾಸ್ ಕೊಡಬೇಕು, ಅನ್ನಬೇಡಿ. ಕಲಿಯುವ ಹುಡುಗನಿಗೆ ಮೊದಲ ಟಚ್‌ನಲ್ಲೇ ಚೆಂಡು ದೂರ ಹೋಗಿರುತ್ತದೆ. ಎರಡನೆಯದರಲ್ಲಿ ಗಾಬರಿಯಿಂದ ಒದೆಯುತ್ತಾನೆ ಅಷ್ಟೆ. ಎರಡು ಟಚ್ ಮಿತಿ ಒಳ್ಳೆಯವರಿಗಿರಲಿ, ಅವನಿಗೆ ಬೇಕಾದಷ್ಟು ಕೊಡಿ.

ಟಚ್ ಕಲಿಸುವಾಗ ಅವನು ನಿಂತಿರುವ ರೀತಿ ನೋಡಿ. ಎಡ ಅಂಚಿನಲ್ಲಿರುವ ಹುಡುಗ ಸಾಮಾನ್ಯವಾಗಿ ಪಾಸ್ ಕೊಡುವವನಿಗೇ ಎದೆ ತೋರಿಸಿ ನಿಂತು, ಹತ್ತಿರದ ಕಾಲಲ್ಲಿ ಚೆಂಡು ತಡೆಯುತ್ತಾನೆ. ಆಮೇಲೆ ತಿರುಗಬೇಕು. ಅಷ್ಟರಲ್ಲಿ ಡಿಫೆಂಡರ್ ಮೈಮೇಲೆ. ಅದರ ಬದಲು ಬೆನ್ನು ಸೈಡ್‌ಲೈನ್ ಕಡೆಗಿಟ್ಟು ಓರೆಯಾಗಿ ನಿಂತರೆ ಚೆಂಡೂ ಕಾಣುತ್ತದೆ, ಮುಂದಿನ ಮೈದಾನವೂ ಕಾಣುತ್ತದೆ. ಚೆಂಡು ಮೈಮುಂದೆ ಹಾದು ಆಚೆಯ ಕಾಲಿಗೆ ಬರಲಿ. ಪಾದದ ಒಳಬದಿಯಿಂದ ತಡೆಯಬೇಕು, ಚೆಂಡು ತಾಗುವ ಹೊತ್ತಿಗೆ ಪಾದ ಸ್ವಲ್ಪ ಹಿಂದಕ್ಕೆ ಹೋಗಬೇಕು. ಬಿಗಿ ಹಿಡಿದ ಪಾದ ಗೋಡೆ ಇದ್ದಂತೆ, ಚೆಂಡನ್ನು ಜೋರಾಗಿ ವಾಪಸ್ ಕಳಿಸುತ್ತದೆ. ಪಾಸ್ ಬರುವ ಮೊದಲೇ ಒಮ್ಮೆ ಹಿಂದೆ ನೋಡುವ ಅಭ್ಯಾಸವನ್ನೂ ಇಲ್ಲೇ ಹಚ್ಚಿಸಿ.

ನಾಲ್ಕಕ್ಕೆ ನಾಲ್ಕು ಆಟ ಆಡಿಸುವಾಗ ಉಳಿದವರಲ್ಲಿ ಇಬ್ಬರನ್ನು ಗೆರೆಯ ಹೊರಗೆ ನಿಲ್ಲಿಸಿ. ಚೆಂಡು ಯಾರ ಬಳಿ ಇದೆಯೋ ಆ ತಂಡಕ್ಕೆ ಅವರು ಸಹಾಯ. ಹೊರಗೆ ಬಂದು ಯಾರೂ ಕಸಿಯುವಂತಿಲ್ಲ. ಹೆದರುವ ಹುಡುಗರಿಗೆ ಇದು ಬಹಳ ಒಳ್ಳೆಯ ಜಾಗ. ಆದರೆ ಪ್ರತಿಸಲ ಅವರನ್ನೇ ನಿಲ್ಲಿಸಬೇಡಿ, ಮಕ್ಕಳಿಗೆ ಇದೆಲ್ಲ ಬೇಗ ಗೊತ್ತಾಗುತ್ತದೆ. ‘ಆರು ಪಾಸ್ ಆದರೆ ಒಂದು ಪಾಯಿಂಟ್’ ಅನ್ನುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಸುಮ್ನೆ ಅಡ್ಡಡ್ಡ ಪಾಸ್ ಮಾಡುತ್ತಾ ಎಣಿಸುತ್ತಾರೆ. ಎರಡು ಕಡೆ ಸಣ್ಣ ಗೋಲ್ ಇಡಿ, ಮುಂದೆ ಹೋಗಲು ಒಂದು ಕಾರಣ ಇರಲಿ.

ಮ್ಯಾಚಿಗೆ ಬಂದರೆ, ಆಡಲು ಬಾರದವನನ್ನು ಡಿಫೆನ್ಸಿನ ನಡುವೆ ನಿಲ್ಲಿಸುವುದು ಹಳೆಯ ರೂಢಿ. ಈ ಆಟದಲ್ಲಿ ಅದು ಅತಿ ಕೆಟ್ಟ ಜಾಗ, ಅಲ್ಲಿ ಚೆಂಡು ಕಳೆದರೆ ನೇರ ಗೋಲ್. ಅವನಿಗೆ ಅಂಚು ಕೊಡಿ. ಒಂದು ಕಡೆ ಸೈಡ್‌ಲೈನ್ ಇರುವುದರಿಂದ ಎದುರಾಳಿ ಆ ಕಡೆಯಿಂದ ಬರುವುದಿಲ್ಲ. ಸುತ್ತಲಿಂದಲೂ ಮೇಲೆ ಬೀಳುವ ಮಿಡ್‌ಫೀಲ್ಡಿನ ನಡುವೆ ಒಳ್ಳೆಯವರು ಇರಲಿ.

ಎದುರಾಳಿ ಚೆಂಡನ್ನು ನಮ್ಮ ಗೋಲ್ ಗೆರೆಯಾಚೆ ಕಳಿಸಿದಾಗ ನಾವು ಹೊಡೆಯುವ ಗೋಲ್ ಕಿಕ್ಕನ್ನು 2019ರಿಂದ ಪೆನಾಲ್ಟಿ ಬಾಕ್ಸ್ (ಗೋಲ್ ಮುಂದಿನ ದೊಡ್ಡ ಆಯತ) ಒಳಗೇ ನಮ್ಮವರು ಪಾಸಾಗಿ ಪಡೆಯಬಹುದು. ಹಾಗಂತ ಅಲ್ಲೇ ಪಡೆಯಲೇಬೇಕು ಅಂತಿಲ್ಲ. ಎದುರಾಳಿಯ ಮೂವರು ಬಾಕ್ಸ್ ಅಂಚಿನಲ್ಲೇ ಕಾಯುತ್ತಿದ್ದರೆ ಉದ್ದಕ್ಕೆ ಅಂಚಿನ ಕಡೆ ಹೊಡೆಯಲಿ, ಉಳಿದವರು ಬೀಳುವ ಚೆಂಡಿಗೆ ಓಡಲಿ. ಅದು ಸೋಲಲ್ಲ ಎಂದು ಹುಡುಗರಿಗೆ ನೀವೇ ಮೊದಲು ಹೇಳಿಬಿಡಿ.

ನಿಮ್ಮ ಗೋಲ್‌ಕೀಪರ್ ಕಾಲಲ್ಲಿ ಹೇಗೆ ಆಡುತ್ತಾನೆ ಎಂದು ಬರೆದಿಲ್ಲ. ನಮ್ಮವರು ಬೇಕೆಂದೇ ಕಾಲಲ್ಲಿ ಕೊಟ್ಟ ಪಾಸನ್ನು ಅವನು ಕೈಯಲ್ಲಿ ಹಿಡಿಯುವಂತಿಲ್ಲ, ಹಾಗಾಗಿ ಇದು ಮುಖ್ಯ. ತಿಳಿಸಿದರೆ ಹಿಂದಿನಿಂದ ಆಟ ಶುರು ಮಾಡುವ ಬಗ್ಗೆ ಇನ್ನಷ್ಟು ಬರೆಯುತ್ತೇನೆ.