ಓದುಗರ ಪ್ರಶ್ನೆ: ಪರದೇಶದಲ್ಲಿ ಕುಳಿತು ಊರಿನ ಕೆಲಸ, ನಡುವೆ ಸುತ್ತಾಟ ಮತ್ತು ಸೇವೆ

ಪ್ರಶ್ನೆ: ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಉದ್ಯೋಗಿ, ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ನಾಲ್ಕು ತಿಂಗಳು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿದ್ದು, ಕೆಲಸ ಬಿಡದೆ ಊರು ನೋಡುತ್ತಾ, ಆನೆಗಳ ಪಾಲನಾ ಕೇಂದ್ರದಲ್ಲೋ ಅನಾಥಾಲಯದಲ್ಲೋ ಸ್ವಯಂಸೇವೆ ಮಾಡಬೇಕೆಂಬ ಆಸೆಯಿದೆ. ಮೂರನ್ನೂ ಹೊಂದಿಸಬಹುದೇ? ಸಂಬಳವಿಲ್ಲದ ಸೇವೆಗೆ ವೀಸಾದ ತೊಡಕು ಇರಲಾರದಲ್ಲವೇ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದುದೆಲ್ಲ ಅದರ ಮೇಲೆ ನಿಂತಿದೆ. ಸಂಬಳ ಸಿಗುತ್ತದೆಯೋ ಇಲ್ಲವೋ ಎಂಬುದರಿಂದ ಥಾಯ್ಲೆಂಡಿನ ಕಾನೂನು ಕೆಲಸವನ್ನು ಅಳೆಯುವುದಿಲ್ಲ. ಅಲ್ಲಿನ ಸಂಸ್ಥೆಗಾಗಿ ದುಡಿದರೆ, ಅದು ಬಿಟ್ಟಿ ದುಡಿಮೆಯಾದರೂ ಕೆಲಸದ ಪರವಾನಗಿ ಬೇಕು, ಮತ್ತು ಅದಕ್ಕೆ ಮುಂದಾಗಬೇಕಾದುದು ಆ ಸಂಸ್ಥೆಯೇ. 2024ರ ಜುಲೈಯಲ್ಲಿ ಆರಂಭವಾದ ‘ಡೆಸ್ಟಿನೇಷನ್ ಥಾಯ್ಲೆಂಡ್ ವೀಸಾ’ ನಿಮ್ಮಂತಹವರನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಿದ್ದು: ಐದು ವರ್ಷಗಳ ಅವಧಿ, ಒಂದು ಪ್ರವೇಶಕ್ಕೆ 180 ದಿನಗಳ ವಾಸ, ಖಾತೆಯಲ್ಲಿ 5 ಲಕ್ಷ ಬಾತ್ ಹಣವಿರುವುದಕ್ಕೆ ದಾಖಲೆ. ಆದರೆ ಅದು ಒಪ್ಪುವುದು ಹೊರದೇಶದ ಕಂಪನಿಗೆ ದೂರದಿಂದ ಮಾಡುವ ಕೆಲಸವನ್ನು ಮಾತ್ರ. ಆನೆಗೆ ಹುಲ್ಲು ಹಾಕುವ ಕೆಲಸ ಅದರಲ್ಲಿ ಸೇರುವುದಿಲ್ಲ. ಆದ್ದರಿಂದ ಸೇವೆಗೆ ಕರೆಯುವ ಸಂಸ್ಥೆಗೆ ನೀವು ಕೇಳಬೇಕಾದ ಮೊದಲ ಪ್ರಶ್ನೆ, “ಪರವಾನಗಿ ನೀವು ಮಾಡಿಸಿಕೊಡುತ್ತೀರಾ?” ಎಂಬುದು. “ಟೂರಿಸ್ಟ್ ಆಗಿ ಬನ್ನಿ, ಯಾರೂ ಕೇಳುವುದಿಲ್ಲ” ಎಂದರೆ ಆ ಮಾತನ್ನು ಅಲ್ಲಿಗೇ ನಿಲ್ಲಿಸಿ. ವಿಸಿಟ್ ವೀಸಾದಲ್ಲಿ ಕೊಲ್ಲಿಗೆ ಹೋಗಿ ಕೆಲಸಕ್ಕೆ ನಿಂತು ಸಿಕ್ಕಿಬಿದ್ದವರ ಕಥೆಗಳನ್ನು ಕೇಳುತ್ತಾ ಬೆಳೆದ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಮಯದ ಲೆಕ್ಕ ನಿಮಗೆ ಅನುಕೂಲಕರವಾಗಿದೆ. ಥಾಯ್ಲೆಂಡ್ ನಮಗಿಂತ ಒಂದೂವರೆ ಗಂಟೆ ಮುಂದಿರುವುದರಿಂದ, ಇಲ್ಲಿನ ಒಂಬತ್ತೂವರೆಯಿಂದ ಆರೂವರೆಯವರೆಗಿನ ಕಚೇರಿ ಅಲ್ಲಿ ಹನ್ನೊಂದಕ್ಕೆ ಆರಂಭವಾಗಿ ರಾತ್ರಿ ಎಂಟಕ್ಕೆ ಮುಗಿಯುತ್ತದೆ. ಅಂದರೆ ಸಂಜೆಗಳನ್ನು ಮರೆತು ಬೆಳಗುಗಳನ್ನು ಬಳಸಿಕೊಳ್ಳಬೇಕು. ಆರು ಗಂಟೆಗೆ ಎದ್ದು, ಸೊಂಗ್‌ಥೇವ್ ಎಂದು ಕರೆಯುವ ಕೆಂಪು ಶೇರ್ ಗಾಡಿಯಲ್ಲಿ ದೊಯ್ ಸುತೇಪ್ ಬೆಟ್ಟದ ದೇಗುಲಕ್ಕೆ ಹೋದರೆ, ಪ್ರವಾಸಿಗರ ಬಸ್ಸುಗಳು ಬರುವ ಮೊದಲೇ ನೋಡಿ, ತಿಂಡಿ ಮುಗಿಸಿ, ಹನ್ನೊಂದರ ಮೀಟಿಂಗಿಗೆ ಕುಳಿತುಕೊಳ್ಳಬಹುದು. ಹಳೆ ಪಟ್ಟಣದ ನಡುವಿನ ಬೀದಿ ಸಂತೆ ಹೇಗೂ ಭಾನುವಾರ ಸಂಜೆಯೇ. ವಾರಕ್ಕೆ ಇಂತಹ ಎರಡು ಬೆಳಗುಗಳು ಮತ್ತು ಒಂದು ರಜಾದಿನ ಸಾಕು. ಪ್ರತಿ ವಾರಾಂತ್ಯ ಹೊಸ ಊರಿಗೆ ಬಸ್ಸು ಹತ್ತುವವರು ಎರಡನೆಯ ತಿಂಗಳಿನಲ್ಲಿ ಕೆಲಸದಲ್ಲೂ ಸೋಲುತ್ತಾರೆ, ನೋಡಿದ್ದನ್ನೂ ಮರೆಯುತ್ತಾರೆ. ನಾಲ್ಕು ತಿಂಗಳುಗಳನ್ನು ನವೆಂಬರಿನಿಂದ ಎಣಿಸಿಕೊಳ್ಳಿ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಸುತ್ತಲಿನ ಹೊಲ ಕಾಡುಗಳಿಗೆ ಬೆಂಕಿ ಹಚ್ಚುವುದರಿಂದ ಕಣಿವೆಯಲ್ಲಿ ಹೊಗೆ ತುಂಬಿ, ದೊಯ್ ಸುತೇಪ್ ಬೆಟ್ಟವೇ ಕಾಣದ ದಿನಗಳಿರುತ್ತವೆ.

ಆನೆಗಳ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಸ್ವಯಂಸೇವೆಯ ಹೆಸರಿನಲ್ಲಿ ವಾರಕ್ಕಿಷ್ಟು ಎಂದು ಶುಲ್ಕ ಪಡೆಯುವ ಕೇಂದ್ರಗಳು ಅನೇಕ. ಅದು ತಪ್ಪಲ್ಲ, ಆದರೆ ಅದನ್ನು ಪ್ರವಾಸವೆಂದೇ ತಿಳಿದು ಹಣ ಕೊಡಬೇಕು. ಸವಾರಿ ಮಾಡಿಸುವ, ಜನರನ್ನು ಗುಂಪಾಗಿ ನೀರಿಗಿಳಿಸಿ ಆನೆ ತೊಳೆಸುವ ಕಡೆಗೆ ಹೋಗಬೇಡಿ. ದೂರದಿಂದ ನೋಡಲು ಬಿಡುವ ಕೇಂದ್ರವನ್ನು ಆರಿಸಿ. ಇವುಗಳಲ್ಲಿ ಹಲವು ಪಟ್ಟಣದಿಂದ ಉತ್ತರಕ್ಕೆ ಮೇ ತೇಂಗ್ ಕಣಿವೆಯ ಕಡೆಗಿವೆ. ಕೆಲಸವಿರುವ ದಿನ ಅಲ್ಲಿಗೆ ಹೋಗಿ ಬರುತ್ತೇನೆ ಎಂಬುದು ಆಗದ ಮಾತಾದ್ದರಿಂದ, ಅದಕ್ಕೆಂದೇ ಒಂದು ವಾರ ರಜೆ ಹಾಕುವುದು ಪ್ರಾಮಾಣಿಕ ದಾರಿ.

ಅನಾಥಾಲಯದ ಯೋಚನೆಯನ್ನು ಪೂರ್ತಿಯಾಗಿ ಕೈಬಿಡಿ. ನಾಲ್ಕು ವಾರ ಪ್ರೀತಿ ತೋರಿಸಿ ಹೊರಟುಹೋಗುವ ಅಪರಿಚಿತರ ಸಾಲು ಮಕ್ಕಳ ಮನಸ್ಸಿಗೆ ಒಳ್ಳೆಯದನ್ನು ಮಾಡುವುದಿಲ್ಲ. ನೆರೆಯ ಕಾಂಬೋಡಿಯಾದಲ್ಲಿ ಇಂತಹ ಮನೆಗಳಲ್ಲಿದ್ದ ಹೆಚ್ಚಿನ ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದರೆಂಬುದು ಬೆಳಕಿಗೆ ಬಂದ ಮೇಲೆ, ಪ್ರವಾಸಿಗರ ಹಣವೇ ‘ಅನಾಥ’ರನ್ನು ಸೃಷ್ಟಿಸುತ್ತದೆ ಎಂಬ ಮಾತು ಬಲವಾಯಿತು. ನಿಯಮಿತವಾದ ಸೇವೆಯೇ ಬೇಕೆಂದಿದ್ದರೆ ಉಚಿತ ಆನ್‌ಲೈನ್ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕಗಳ ಕರಡು ತಿದ್ದಬಹುದು, ಅಥವಾ 2016ರಲ್ಲಿ ಆರಂಭವಾದ ತುಳು ವಿಕಿಪೀಡಿಯಕ್ಕೆ ನೀರಿಗಾಗಿ ಗುಡ್ಡದಲ್ಲಿ ತೋಡುವ ನಮ್ಮ ಸುರಂಗಗಳ ಬಗ್ಗೆ ಬರೆಯಬಹುದು. ಅದನ್ನು ಚಿಯಾಂಗ್ ಮಾಯ್‌ನಲ್ಲಿ ಕುಳಿತೂ ಮಾಡಬಹುದು, ಬದಿಯಡ್ಕಕ್ಕೆ ಮರಳಿದ ಮೇಲೂ ಮುಂದುವರಿಸಬಹುದು.

ಹೊರಡುವ ಮೊದಲು ಕಂಪನಿಯಿಂದ ಲಿಖಿತ ಒಪ್ಪಿಗೆ ಪಡೆಯಿರಿ. ನೌಕರರು ಪರದೇಶದಲ್ಲಿ ಕುಳಿತರೆ ಅಲ್ಲಿ ಕಂಪನಿಗೇ ತೆರಿಗೆಯ ಹೊಣೆ ಬರಬಹುದೆಂಬ ಅಂಜಿಕೆ ಹಲವು ಸಂಸ್ಥೆಗಳಿಗಿದೆ. ಗ್ರಾಹಕರ ಮಾಹಿತಿ ದೇಶ ದಾಟಬಾರದೆಂಬ ಕರಾರೂ ಇರಬಹುದು. ನಿಮ್ಮ ಸ್ವಂತ ತೆರಿಗೆಯಲ್ಲಿ ಗೊಂದಲವಿಲ್ಲ: ಆರ್ಥಿಕ ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೆ ನೀವು ಇಲ್ಲಿನ ನಿವಾಸಿಯೇ, ಮತ್ತು ಥಾಯ್ಲೆಂಡ್ ಒಬ್ಬರನ್ನು ತನ್ನ ತೆರಿಗೆಯ ನಿವಾಸಿಯೆಂದು ಎಣಿಸುವುದು ಕ್ಯಾಲೆಂಡರ್ ವರ್ಷದಲ್ಲಿ 180 ದಿನ ತುಂಬಿದಾಗ. ಅಲ್ಲಿ ಸ್ಕೂಟರ್ ಬಾಡಿಗೆಗೆ ಪಡೆಯುವುದಿದ್ದರೆ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಇಲ್ಲಿಂದಲೇ ಮಾಡಿಸಿಕೊಳ್ಳಿ. ಅದಿಲ್ಲದೆ ಬಿದ್ದರೆ ವಿಮೆಯವರು ಕೈಯೆತ್ತುತ್ತಾರೆ.

ಪ್ರಶ್ನೆ: ಕನ್ನಡ ಮಾಧ್ಯಮ ಶಾಲೆಯಿಂದ ನಿವೃತ್ತಳಾಗಿ, ಈಗ ಕಾಸರಗೋಡಿನ ಟ್ಯೂಷನ್ ಕೇಂದ್ರವೊಂದರ ನೌಕರಿಯಲ್ಲಿ ಆನ್‌ಲೈನ್ ಪಾಠ ಮಾಡುತ್ತಿದ್ದೇನೆ. ಐದು ತಿಂಗಳ ಮಟ್ಟಿಗೆ ಇಂಗ್ಲೆಂಡಿನ ಮಗಳ ಮನೆಗೆ ಹೋಗುತ್ತಿದ್ದೇನೆ. ಪಾಠ ನಿಲ್ಲಿಸಬೇಕೇ? ಅಲ್ಲಿನ ಮಕ್ಕಳಿಗೆ ಭಾನುವಾರ ಉಚಿತವಾಗಿ ಕನ್ನಡ ಕಲಿಸಬಹುದೇ?
— ನಿವೃತ್ತ ಶಿಕ್ಷಕಿ, ಮಂಜೇಶ್ವರ

ಉತ್ತರ: ಪಾಠ ನಿಲ್ಲಿಸಬೇಕಾಗಿಲ್ಲ. 2024ರ ಜನವರಿ 31ರಿಂದ ಬ್ರಿಟನ್ನಿನ ನಿಯಮವು ಸಂದರ್ಶಕರಿಗೆ ತಮ್ಮ ಊರಿನ ಉದ್ಯೋಗವನ್ನು ಅಲ್ಲಿಂದಲೇ ಮಾಡಲು ಬಿಡುತ್ತದೆ. ಭೇಟಿಯ ಮುಖ್ಯ ಉದ್ದೇಶ ಮಾತ್ರ ಅದಾಗಿರಬಾರದು. ನೀವು ಮಗಳನ್ನು ನೋಡಲು ಹೋಗುತ್ತಿರುವಿರಿ, ಅದನ್ನೇ ಹೇಳಿ. ಆದರೆ ಅಲ್ಲಿನ ಮಕ್ಕಳಿಂದ ಫೀಸು ಪಡೆದು ಪಾಠ ಹೇಳುವಂತಿಲ್ಲ. ಬೇಸಗೆಯಲ್ಲಿ ಬ್ರಿಟನ್ ನಮಗಿಂತ ನಾಲ್ಕೂವರೆ ಗಂಟೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದಿರುತ್ತದೆ. ನಮ್ಮ ಸಂಜೆ ಏಳರ ತರಗತಿ ಅಲ್ಲಿ ಮಧ್ಯಾಹ್ನ ಎರಡೂವರೆಗೆ ಬಿದ್ದು, ಅಕ್ಟೋಬರಿನ ಕೊನೆಯ ಭಾನುವಾರದಿಂದ ಒಂದೂವರೆಗೆ ಸರಿಯುತ್ತದೆ. ಆ ವಾರ ಮಕ್ಕಳನ್ನು ಕಾಯಿಸಿಬಿಡಬೇಡಿ.

ಸೇವೆಗೂ ಅವಕಾಶವಿದೆ, ಆದರೆ ಮಿತಿಯೊಳಗೆ: ಅಲ್ಲಿನ ದತ್ತಿ ಸಂಸ್ಥೆಗಳನ್ನು ನೋಂದಾಯಿಸುವ ಚಾರಿಟಿ ಕಮಿಷನ್ನಿನ ನೋಂದಣಿಯಿರುವ ಸಂಸ್ಥೆಗೆ, ಇಡೀ ಭೇಟಿಯಲ್ಲಿ ಒಟ್ಟು 30 ದಿನಗಳಿಗೆ ಮೀರದಂತೆ. ವಾರಕ್ಕೊಂದು ಭಾನುವಾರವಾದರೆ ಐದು ತಿಂಗಳಿಗೂ ಅಷ್ಟು ದಿನ ತುಂಬುವುದಿಲ್ಲ, ಹಾಗಾಗಿ ನಿಮ್ಮ ಯೋಜನೆ ಸರಿಯಾಗಿಯೇ ಇದೆ. ನೀವು ಕಲಿಸಲು ಹೋಗುವ ಅಲ್ಲಿನ ಕನ್ನಡ ಸಂಘ ನೋಂದಾಯಿತವೇ ಎಂದು ಮಗಳು ಆ ಕಮಿಷನ್ನಿನ ಜಾಲತಾಣದಲ್ಲಿ ಹುಡುಕಿದರೆ ತಿಳಿಯುತ್ತದೆ. ಮಕ್ಕಳೊಡನೆ ಕೆಲಸವಾದ್ದರಿಂದ ಅವರು ನಿಮ್ಮ ಹಿನ್ನೆಲೆಯ ಪರಿಶೀಲನೆ ಕೇಳಬಹುದು. ಅದರಲ್ಲಿ ಅವಮಾನವೇನೂ ಇಲ್ಲ, ಎಲ್ಲರಿಗೂ ಅದೇ ಕ್ರಮ. ಪಾಠವಿಲ್ಲದ ದಿನ ಲಂಡನ್ನಿಗೆ ಹೋದರೆ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, 2015ರಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು ನೋಡಿ ಬನ್ನಿ. ಬ್ರಿಟಿಷ್ ಮ್ಯೂಸಿಯಮ್ಮಿಗೆ ಪ್ರವೇಶ ಉಚಿತ.

ಪ್ರಶ್ನೆ: ಯುರೋಪಿಗೆ ಪ್ರವಾಸಿ ವೀಸಾದಲ್ಲಿ ಹೋಗಿ, ಪೋರ್ಚುಗಲಿನ ತೋಟವೊಂದರಲ್ಲಿ ಊಟ ವಸತಿಗೆ ಬದಲಾಗಿ ಕೆಲಸ ಮಾಡುತ್ತಾ, ನನ್ನ ಮಂಗಳೂರಿನ ಆಫೀಸ್ ಕೆಲಸವನ್ನೂ ಮಾಡಬಹುದೇ? ಅಡಿಕೆ ತೋಟದ ಕೆಲಸ ಬಲ್ಲೆ.
— ಯುವಕ, ಬಾಯಾರು

ಉತ್ತರ: ಬೇಡ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ಪ್ರವಾಸಿ ವೀಸಾ ಕೊಡುವುದು 180 ದಿನಗಳಲ್ಲಿ 90 ದಿನಗಳ ವಾಸವನ್ನು, ಕೆಲಸವನ್ನಲ್ಲ. ಅನ್ನ ಮತ್ತು ಕೋಣೆಯೂ ಕೂಲಿಯೆಂದೇ ಲೆಕ್ಕಕ್ಕೆ ಬರಬಹುದು. ದೂರದ ಕೆಲಸಕ್ಕೆಂದೇ ಪೋರ್ಚುಗಲ್ 2022ರಲ್ಲಿ ಡಿ8 ವೀಸಾ ತಂದಿದೆ. ಅದಕ್ಕೆ ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು ತಿಂಗಳ ಆದಾಯ ಬೇಕು, ಅಂದರೆ 2025ರ ಲೆಕ್ಕದಲ್ಲಿ 3,480 ಯೂರೊ. ನಿಮ್ಮ ಸಂಬಳ ಅಲ್ಲಿಗೆ ಮುಟ್ಟುವುದಾದರೆ ಮಾರ್ಚ್ ಕಳೆದ ಮೇಲೆ ಹೊರಡಿ. ಚಳಿಗಾಲದಲ್ಲಿ ನಮ್ಮ ಒಂಬತ್ತೂವರೆಗೆ ಅಲ್ಲಿ ನಸುಕಿನ ನಾಲ್ಕು; ಬೇಸಗೆಯಲ್ಲಿ ಐದಕ್ಕೆ ಕುಳಿತರೆ ಮಧ್ಯಾಹ್ನ ಎರಡಕ್ಕೆ ಕೆಲಸ ಮುಗಿದು, ಲಿಸ್ಬನ್ನಿನಿಂದ ರೈಲಿನಲ್ಲಿ ಸಿಂತ್ರಾದ ಅರಮನೆಗಳನ್ನು ನೋಡಿ ಬೆಳಕಿರುವಾಗಲೇ ಹಿಂದಿರುಗಬಹುದು.