ಐನೂರರ ನೋಟು ಮುರಿಸುವ ಮುನ್ನ

ನೀವು ಕೇಳಿದ್ದು: "ಮೈಸೂರಿನಲ್ಲಿ ಕೆಲಸ. ಸಂಬಳ 28 ಸಾವಿರ, ರೂಮಿನ ಬಾಡಿಗೆ 6 ಸಾವಿರ. ದೊಡ್ಡದೇನೂ ಕೊಳ್ಳುವುದಿಲ್ಲ. ಆದರೂ 20ನೇ ತಾರೀಕಿಗೆ ಖಾತೆ ಖಾಲಿ. ಎಲ್ಲವನ್ನೂ ಫೋನಿನಲ್ಲೇ ಕೊಡುತ್ತೇನೆ. ಯುಪಿಐ ಬಿಟ್ಟು ನಗದಿಗೆ ಮರಳಿದರೆ ಸರಿಹೋಗುತ್ತದೆಯೇ?"

ಪೂರ್ತಿ ಮರಳಬೇಡಿ. ನಾನು ಒಂದು ತಿಂಗಳು ಮರಳಿ ನೋಡಿದ್ದೇನೆ, ಅದೂ ನನ್ನ ಇಷ್ಟದಿಂದಲ್ಲ.

ನಾನಿರುವುದು ಮಂಡ್ಯದಲ್ಲಿ, ಕೆಲಸ ಮೈಸೂರಿನ ಶಿವರಾಂಪೇಟೆ ಕಡೆಯ ಒಂದು ಆಡಿಟರ್ ಕಚೇರಿಯಲ್ಲಿ. ಬೆಳಿಗ್ಗೆ ರೈಲು, ಸಂಜೆ ಸಿಕ್ಕಿದ ಬಸ್ಸು. ಇಡೀ ದಿನ ಬೇರೆಯವರ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟು ನೋಡಿ "ಈ ನಾನೂರು ರೂಪಾಯಿ ಯಾವುದಕ್ಕೆ ಸಾರ್?" ಎಂದು ಕೇಳುವ ಕೆಲಸ. ನನ್ನದನ್ನು ಮಾತ್ರ ತೆಗೆದು ನೋಡಿದವಳಲ್ಲ. ಡಾಕ್ಟರ ಮನೆಯಲ್ಲೇ ಮಾತ್ರೆ ಇರುವುದಿಲ್ಲವಲ್ಲ, ಹಾಗೆ.

ನಮ್ಮ ಕಚೇರಿಯ ಕೆಳಗೆ ಒಂದು ಕಾಂಡಿಮೆಂಟ್ಸ್ ಇದೆ. ಟೀ, ಖಾರಾ ಬನ್ನು, ನಿಪ್ಪಟ್ಟು. 2025ರ ಜುಲೈ ನಿಮಗೆ ನೆನಪಿರಬಹುದು. ಯುಪಿಐ ವಹಿವಾಟಿನ ಮಾಹಿತಿ ಇಟ್ಟುಕೊಂಡು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಿತು. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು ಎನ್ನುವುದು ಹಳೆಯ ನಿಯಮವೇ. ಆದರೆ ಬೋರ್ಡಿನ ಮೇಲಿನ ಕ್ಯುಆರ್ ಕೋಡೇ ಸಾಕ್ಷಿ ಹೇಳುತ್ತದೆ ಎಂದು ಯಾರೂ ಅಂದುಕೊಂಡಿರಲಿಲ್ಲ. ಬೆಂಗಳೂರಿನಲ್ಲಿ "ನೋ ಯುಪಿಐ, ಓನ್ಲಿ ಕ್ಯಾಶ್" ಚೀಟಿಗಳು ಕಂಡವು. ನಮ್ಮ ಅಂಗಡಿಯವನಿಗೆ ನೋಟಿಸ್ ಬಂದಿರಲಿಲ್ಲ, ಭಯ ಬಂದಿತ್ತು. ಸೌಂಡ್ ಬಾಕ್ಸ್ ಎತ್ತಿ ಕೆಳಗಿಟ್ಟ, ಕ್ಯುಆರ್ ಮೇಲೆ ಕ್ಯಾಲೆಂಡರ್ ನೇತುಹಾಕಿದ. ಹಾಗೆ ನಾಲ್ಕು ವಾರ.

ಆ ನಾಲ್ಕು ವಾರಕ್ಕೆಂದು ನಾಲ್ಕು ಐನೂರರ ನೋಟು ತೆಗೆದು ಬೇರೆ ಪರ್ಸಿನಲ್ಲಿಟ್ಟೆ. ಕೊನೆಗೆ ಖರ್ಚಾಗಿದ್ದು 1,150 ರೂಪಾಯಿ. ಕುತೂಹಲಕ್ಕೆ ಜೂನ್ ತಿಂಗಳ ಸ್ಟೇಟ್‌ಮೆಂಟ್ ತೆಗೆದೆ. ಅದೇ ಅಂಗಡಿಗೆ 61 ಸಲ ದುಡ್ಡು ಹೋಗಿತ್ತು, ಒಟ್ಟು 1,940. ನಾನು ಸಂಯಮ ಸಾಧಿಸಿದೆ ಎಂದೇನೂ ಅಲ್ಲ. ಕೈಯಲ್ಲಿ ಬರೀ ಐನೂರರ ನೋಟಿದ್ದ ದಿನ ಅವನು "ಚಿಲ್ಲರೆ ಇಲ್ಲ ಮೇಡಂ" ಎನ್ನುತ್ತಿದ್ದ, ನಾನು ಮೆಟ್ಟಿಲು ಹತ್ತಿ ವಾಪಸು ಬರುತ್ತಿದ್ದೆ. ಚಿಲ್ಲರೆ ಇದ್ದ ದಿನವೂ ಟೀ ಕುಡಿದೆ, ನಿಪ್ಪಟ್ಟು ಬಿಟ್ಟೆ. ನಿಪ್ಪಟ್ಟಿಗಾಗಿ ಇನ್ನೊಂದು ನೋಟು ಮುರಿಸಬೇಕಲ್ಲ ಎನ್ನುವುದಷ್ಟೇ ಕಾರಣ.

ಮುರಿಸುವುದು ಎಂಬ ಮಾತು ನಾಲಿಗೆಗೆ ಬಂದ ಮೇಲೆ ನನಗೆ ಅಮ್ಮ ನೆನಪಾದಳು. ಪಾಂಡವಪುರ ತಾಲ್ಲೂಕಿನ ನಮ್ಮೂರಲ್ಲಿ ಅವಳಿಗೆ ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತದೆ. ಬಂದಾಗಲೆಲ್ಲ ಪೂರ್ತಿ ಬಿಡಿಸಿಕೊಂಡು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ನಾಲ್ಕು ನೋಟು ಮಡಚಿಡುತ್ತಾಳೆ. ಇಪ್ಪತ್ತು ರೂಪಾಯಿ ಬೇಕಾದರೆ ಪಕ್ಕದ ಮನೆಯಲ್ಲಿ ಕೈಗಡ ತರುತ್ತಾಳೆಯೇ ಹೊರತು ಅದನ್ನು ಮುಟ್ಟುವುದಿಲ್ಲ. ನಾನು ಚಿಕ್ಕವಳಿದ್ದಾಗಲೂ ಕೈಗೆ ಬಂದ ನೋಟನ್ನು ಹೀಗೇ ಕಾಯುತ್ತಿದ್ದಳು, ಯಾಕೆಂದು ಕೇಳಿದ್ದಕ್ಕೆ ಹೇಳಿದ್ದಳು: "ಮುರ್ಸ್‌ಬುಟ್ರೆ ಮುಗೀತು ಕಣವ್ವ. ಆಮೇಕೆ ಎಲ್ಲೋಯ್ತು ಅಂತ ಗೊತ್ತಾಗಕ್ಕಿಲ್ಲ."

ನಿಮ್ಮ 28 ಸಾವಿರದ ಕಷ್ಟ ಇಲ್ಲಿದೆ ಎಂದು ನನಗನ್ನಿಸುತ್ತದೆ. ಅದು ಖಾತೆಗೆ ಬೀಳುವಾಗಲೇ ಚಿಲ್ಲರೆಯಾಗಿ ಬೀಳುತ್ತದೆ. ಅದನ್ನು ಮುರಿಸುವ ಗಳಿಗೆಯೇ ಬರುವುದಿಲ್ಲ. ಹದಿನೈದು ಬೇಕೆಂದರೆ ಹದಿನೈದು, ಮೂವತ್ತೇಳು ಬೇಕೆಂದರೆ ಮೂವತ್ತೇಳು, ಕರಾರುವಾಕ್ಕಾಗಿ ಹೋಗುತ್ತದೆ. (ಇದರಲ್ಲಿ ಒಂದು ಒಳ್ಳೆಯದೂ ಆಯಿತು, ಹೇಳಿಬಿಡುತ್ತೇನೆ. ಎರಡು ರೂಪಾಯಿ ಚಿಲ್ಲರೆ ಬದಲಿಗೆ ಕೈಗೆ ಚಾಕೊಲೇಟ್ ತುರುಕುವ ಕಾಟ ತಪ್ಪಿತು.)

ದುಡ್ಡು ಕೊಡುವ ರೀತಿ ಬದಲಾದರೆ ಖರ್ಚಿನ ಮನಸ್ಸೂ ಬದಲಾಗುತ್ತದೆ ಎನ್ನುವುದನ್ನು ಬೇರೆಯವರೂ ಅಳೆದು ನೋಡಿದ್ದಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ವಿದ್ಯಾರ್ಥಿಗಳ ನಡುವೆ ಬಾಸ್ಕೆಟ್‌ಬಾಲ್ ಟಿಕೆಟ್ ಹರಾಜು ಹಾಕಿದರು. ಕೆಲವರು ನಗದು ಕೊಡಬೇಕು, ಕೆಲವರು ಕ್ರೆಡಿಟ್ ಕಾರ್ಡ್. ಕಾರ್ಡಿನವರು ಬರೆದ ಬೆಲೆ ನಗದಿನವರದ್ದಕ್ಕಿಂತ ಸುಮಾರು ಎರಡರಷ್ಟಿತ್ತು. ಇದನ್ನು ಹಾಗೇ ಯುಪಿಐಗೆ ಅಂಟಿಸುವುದಕ್ಕೆ ನಾನು ಒಪ್ಪುವುದಿಲ್ಲ. ಕಾರ್ಡು ಸಾಲ, ಯುಪಿಐ ನಿಮ್ಮದೇ ದುಡ್ಡು, ಆ ಕ್ಷಣವೇ ಖಾತೆಯಿಂದ ಹೋಗುತ್ತದೆ. ಆದರೆ ಕೈಯಿಂದ ನೋಟು ಜಾರುವುದನ್ನು ಕಾಣದಿರುವುದು ಎರಡರಲ್ಲೂ ಒಂದೇ.

ಹಾಗಾದರೆ ನಗದೇ ಒಳ್ಳೆಯದಲ್ಲವೇ ಎನ್ನಬೇಡಿ. ಅದೇ ತಿಂಗಳು ಮನೆಖರ್ಚಿಗೆ ಬೇರೆ ಮೂರು ಸಾವಿರ ಬಿಡಿಸಿದ್ದೆ. ಅದರಲ್ಲಿ ಸುಮಾರು ಏಳುನೂರು ಎಲ್ಲಿಗೆ ಹೋಯಿತೆಂದು ಇವತ್ತಿಗೂ ಗೊತ್ತಿಲ್ಲ, ಲೆಕ್ಕ ಬರೆಯುವವಳಿಗೇ! ಯುಪಿಐನಲ್ಲಾದರೆ ಪಾಪದ ಪಟ್ಟಿಯಾದರೂ ಉಳಿಯುತ್ತದೆ. ಜೊತೆಗೆ ಎಟಿಎಂ. ನಿಮ್ಮದೇ ಬ್ಯಾಂಕಿನಲ್ಲಿ ತಿಂಗಳಿಗೆ ಐದು ಸಲ ಉಚಿತ, ಮೆಟ್ರೋ ಅಲ್ಲದ ನಮ್ಮ ಊರುಗಳಲ್ಲಿ ಬೇರೆ ಬ್ಯಾಂಕಿನದ್ದೂ ಐದು. ಅದು ಮುಗಿದರೆ 2025ರ ಮೇ ತಿಂಗಳಿಂದ ಸಲಕ್ಕೆ 23 ರೂಪಾಯಿವರೆಗೆ ಹಿಡಿಯಬಹುದು, ತೆರಿಗೆ ಬೇರೆ. ಸಂಜೆ ಬಸ್ಸು ಶಕ್ತಿ ಯೋಜನೆಯಿಂದ ನನಗೆ ಪುಕ್ಕಟೆ, ನಿಮಗಲ್ಲ. ಬಸ್ಸು ಹತ್ತಿ ಐನೂರು ಕೊಟ್ಟರೆ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟಿದ್ದು ನೆನಪಿದೆಯಾ? ಇಳಿಯುವಾಗ ಮರೆತವರೆಷ್ಟು ಜನ. ಆ ಕಾಲಕ್ಕೆ ಹೋಗುವುದು ಬೇಡ.

ಆಮೇಲೆ ಆರು ತಿಂಗಳ ಸ್ಟೇಟ್‌ಮೆಂಟ್ ಇಳಿಸಿಕೊಂಡು ಎಕ್ಸೆಲ್ಲಿಗೆ ಹಾಕಿದೆ. ನೀವೂ ಒಂದು ಭಾನುವಾರ ಇದನ್ನು ಮಾಡಿ. ಒಟ್ಟು ಮೊತ್ತ ನೋಡಬೇಡಿ, ಒಂದೇ ಹೆಸರು ಎಷ್ಟು ಸಲ ಬಂದಿದೆ ನೋಡಿ. ನನ್ನ ಪಟ್ಟಿಯಲ್ಲಿ ಟೀ ಅಂಗಡಿಗಿಂತ ಹೊಟ್ಟೆ ಉರಿಸಿದ್ದು ಬೇರೆ ಎರಡು.

ಒಂದು, ಹತ್ತು ನಿಮಿಷದಲ್ಲಿ ತಂದುಕೊಡುವ ಆ್ಯಪು. ತಂಗಿ ಕುವೆಂಪುನಗರದಲ್ಲಿದ್ದಾಳೆ, ಶನಿವಾರ ಅಲ್ಲೇ ಉಳಿಯುತ್ತೇನೆ. ಒಂದು ಭಾನುವಾರ ಉಪ್ಸಾರಿಗೆ ಖಾರ ಅರೆಯಲು ಹೊರಟರೆ ಕೊತ್ತಂಬರಿ ಸೊಪ್ಪಿಲ್ಲ. ಆ್ಯಪ್ ತೆಗೆದಳು. ಸೊಪ್ಪಿಗೆ 18 ರೂಪಾಯಿ. ಕೆಳಗೆ ಡೆಲಿವರಿ ಶುಲ್ಕ, ನಿರ್ವಹಣಾ ಶುಲ್ಕ, ಬುಟ್ಟಿ ಚಿಕ್ಕದೆಂದು ಇನ್ನೊಂದು ಶುಲ್ಕ, ಎಲ್ಲ ಸೇರಿ 78. ಅದರ ಕೆಳಗೇ ಹಸಿರು ಅಕ್ಷರ: 199 ಆದರೆ ಡೆಲಿವರಿ ಉಚಿತ. ಇಬ್ಬರೂ ಸೇರಿ ಅರುವತ್ತು ರೂಪಾಯಿ "ಉಳಿಸಲು" ಹುಡುಕತೊಡಗಿದೆವು. ಚಿಪ್ಸು, ಪಾತ್ರೆ ಉಜ್ಜುವ ಸ್ಪಂಜು ಮೂರು, ಒಂದು ಡಾರ್ಕ್ ಚಾಕೊಲೇಟು. 214 ರೂಪಾಯಿಗೆ ಬಿಲ್ಲು ಮುಗಿಸಿ, ಉಳಿಸಿದೆವೆಂದು ಖುಷಿಯಾಗಿ ಕೂತೆವು. ಅಷ್ಟರಲ್ಲಿ ಕೆಳಗೆ ತಳ್ಳುಗಾಡಿಯವನು "ಸೊಪ್ಪೋ ಸೊಪ್ಪೋ" ಎಂದು ಕೂಗಿಕೊಂಡು ಹೋದ. ಕಟ್ಟಿಗೆ ಹತ್ತು ರೂಪಾಯಿ. ಆ ಸ್ಪಂಜುಗಳಲ್ಲಿ ಎರಡು ಇನ್ನೂ ಅವಳ ಶೆಲ್ಫಿನಲ್ಲಿವೆ.

ಆದರೂ ಆ ಆ್ಯಪನ್ನು ಅಳಿಸಿಹಾಕು ಎಂದು ಅವಳಿಗೆ ನಾನು ಹೇಳಿಲ್ಲ. ಅವಳ ಮಗುವಿಗೆ ರಾತ್ರಿ ಜ್ವರ ಬಂದು ಥರ್ಮಾಮೀಟರ್ ಒಡೆದುಹೋಗಿದ್ದಾಗ, ಗಂಡ ಊರಲ್ಲಿಲ್ಲದಾಗ, ಅದೇ ಆ್ಯಪು ಬಾಗಿಲಿಗೆ ತಂದುಕೊಟ್ಟಿತು. ಅವತ್ತು ಶುಲ್ಕ ನೂರಿದ್ದರೂ ಕೊಡಬಹುದಿತ್ತು. ಹಾಗಾಗಿ ನಾವಿಬ್ಬರೂ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಶುಲ್ಕ ಕೊಟ್ಟರೂ ಸರಿ, ಬೇಕಾದ ಒಂದೇ ವಸ್ತು ತರಿಸುವುದು. ಹದಿನೆಂಟರ ಸೊಪ್ಪಿಗೆ 78 ಎಂದು ಕಣ್ಣಿಗೆ ಹೊಡೆದಾಗ ಮುಕ್ಕಾಲು ಪಾಲು ಸಲ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿಯುತ್ತೇವೆ.

ಎರಡನೆಯದು ಆಟೋಪೇ, ಅಂದರೆ ಒಮ್ಮೆ ಒಪ್ಪಿಗೆ ಕೊಟ್ಟರೆ ಮುಂದಿನ ಕಂತುಗಳು ಖಾತೆಯಿಂದ ತಾವಾಗಿಯೇ ಹೋಗುವ ಏರ್ಪಾಡು. ಸೀರಿಯಲ್ಲು ತೋರಿಸುವ ಒಂದು ಆ್ಯಪಿನಲ್ಲಿ ಏಳು ದಿನಕ್ಕೆ ಒಂದು ರೂಪಾಯಿ ಎಂದಿತ್ತು. ಪಿನ್ ಒತ್ತಿದೆ. ಎರಡು ಎಪಿಸೋಡ್ ನೋಡಿ, ಬೇಜಾರಾಗಿ ಆ್ಯಪ್ ಅಳಿಸಿದೆ. ಆಮೇಲೆ ತಿಂಗಳಿಗೆ 199ರಂತೆ ಐದು ತಿಂಗಳು ಹೋಯಿತು. ಆ್ಯಪ್ ಅಳಿಸಿದರೆ ನೀವು ಕೊಟ್ಟ ಒಪ್ಪಿಗೆ ಅಳಿಯುವುದಿಲ್ಲ. ಯುಪಿಐ ಆಟೋಪೇ 2020ರಲ್ಲಿ ಬಂದದ್ದು. ಮೊದಲ ಸಲ ಪಿನ್ ಒತ್ತಿದರೆ ಮುಂದೆ 15,000 ರೂಪಾಯಿವರೆಗಿನ ಕಂತುಗಳಿಗೆ ಅದು ಮತ್ತೆ ಪಿನ್ ಕೇಳುವುದಿಲ್ಲ. ಕಡಿತಕ್ಕೆ 24 ಗಂಟೆ ಮುಂಚೆ ತಿಳಿಸಬೇಕೆಂಬ ನಿಯಮವಿದೆ, ನನಗೂ ಪ್ರತಿ ತಿಂಗಳು ತಿಳಿಸಿದ್ದರು. ಸಾಲ ಬೇಕಾ, ಸೈಟು ಬೇಕಾ ಎನ್ನುವ ಮೆಸೇಜುಗಳ ರಾಶಿಯಲ್ಲಿ ಅದನ್ನು ಓದುವವರು ಯಾರು? ನಿಮ್ಮ ಯುಪಿಐ ಆ್ಯಪಿನ ಪ್ರೊಫೈಲಿಗೆ ಹೋಗಿ ಆಟೋಪೇ ಎನ್ನುವ ಜಾಗ ತೆರೆಯಿರಿ. ಅಲ್ಲಿ ಚಾಲ್ತಿಯಲ್ಲಿರುವುದೆಲ್ಲ ಸಾಲಾಗಿ ಕಾಣುತ್ತದೆ, ಅಲ್ಲೇ ರದ್ದು ಮಾಡಬಹುದು. ಎರಡು ಮೂರು ಆ್ಯಪ್ ಬಳಸುತ್ತಿದ್ದರೆ ಎಲ್ಲದರಲ್ಲೂ ನೋಡಿ.

ನಮ್ಮೆಜಮಾನರದ್ದು ಇನ್ನೊಂದು ಬಗೆ. ಗಣಂಗೂರು ಟೋಲಿನಲ್ಲಿ ದುಡ್ಡು ಕೈಯಿಂದ ಕೊಡಬೇಕಿದ್ದರೆ ಬೈದುಕೊಂಡು ಸರ್ವಿಸ್ ರಸ್ತೆ ಹಿಡಿಯುವ ಮನುಷ್ಯ. ಫಾಸ್ಟ್ಯಾಗ್ ಗಾಜಿಗೆ ಅಂಟಿಕೊಂಡಿದೆ, ಅದು ಕುಯ್ ಎನ್ನುತ್ತದೆ, ಗೇಟು ಏಳುತ್ತದೆ, ಇವರು ಬೈಯುವುದನ್ನೇ ಮರೆತಿದ್ದಾರೆ.

ಈಗ ನಾನು ಮಾಡುತ್ತಿರುವುದನ್ನು ಹೇಳುತ್ತೇನೆ, ಬೇಕಾದರೆ ನೋಡಿ. ಯುಪಿಐ ಲೈಟ್ ಅಂತ ಒಂದಿದೆ, 2022ರಲ್ಲಿ ಬಂತು. ಖಾತೆಯಿಂದ ಒಂದಿಷ್ಟು ದುಡ್ಡು ಪಕ್ಕಕ್ಕೆ ತೆಗೆದಿಡುವ ಜೇಬು ಇದ್ದ ಹಾಗೆ. ಅದರಲ್ಲಿ ಗರಿಷ್ಠ 5,000 ಇಡಬಹುದು, ಒಂದು ಸಲಕ್ಕೆ 1,000ದವರೆಗೆ ಕೊಡಬಹುದು. ಪಿನ್ ಬೇಡ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ತುಂಬಿಸಿದ್ದೊಂದೇ ಸಾಲು ಬರುತ್ತದೆ, ಉಳಿದ ಟೀ ಬನ್ನೆಲ್ಲ ಆ್ಯಪಿನೊಳಗೆ ಮಾತ್ರ. ತಿಂಗಳ ಒಂದನೇ ತಾರೀಕು ಅದಕ್ಕೆ ಎರಡು ಸಾವಿರ ಹಾಕುತ್ತೇನೆ. ಸಣ್ಣ ಖರ್ಚೆಲ್ಲ ಅದರಿಂದ. ದಿನಸಿ, ಕರೆಂಟು, ಗ್ಯಾಸು ಮಾತ್ರ ಖಾತೆಯಿಂದ, ಪಿನ್ ಒತ್ತಿ.

ಪಿನ್ನೇ ಕೇಳದಿದ್ದರೆ ಇನ್ನೂ ಸಲೀಸಾಗಿ ಖರ್ಚಾಗುವುದಿಲ್ಲವೇ ಎಂದು ನೀವು ಕೇಳಬಹುದು, ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಖಾತೆಯಲ್ಲಿ ಎಷ್ಟಿದೆ ಎಂದು ನೋಡಲು ಪಿನ್ ಒತ್ತಬೇಕು, ಹಾಗಾಗಿ ನಾವು ನೋಡುವುದೇ ಇಲ್ಲ. ಲೈಟಿನಲ್ಲಿ ಉಳಿದದ್ದು ಕೇಳದೆಯೇ ಎದುರಿಗೆ ಕಾಣುತ್ತದೆ. 15 ರೂಪಾಯಿ ಟೀ ಕುಡಿದರೆ 640 ಇದ್ದದ್ದು 625 ಆಗುವುದನ್ನು ಕಣ್ಣಾರೆ ನೋಡುತ್ತೀರಿ. ಅದು ಖಾಲಿಯಾದಾಗ ಮತ್ತೆ ತುಂಬಿಸುವುದಿದೆಯಲ್ಲ, ಅಮ್ಮ ಕವರಿನಿಂದ ಎರಡನೇ ನೋಟು ಎತ್ತುವ ಹಾಗೆ, ಆಗ ಕೈ ಒಂದು ಗಳಿಗೆ ನಿಲ್ಲುತ್ತದೆ. ಒಂದೇ ಎಚ್ಚರ: ಖಾಲಿಯಾದರೆ ತಾನೇ ತುಂಬಿಕೊಳ್ಳುವ ಆಟೋ ಟಾಪ್ ಅಪ್ ಆಯ್ಕೆ ಇರುತ್ತದೆ. ಅದನ್ನು ಒತ್ತಿದಿರೋ, ಇಷ್ಟೆಲ್ಲ ಮಾಡಿದ್ದು ನೀರಿನಲ್ಲಿ ಹೋಮ.

ಒಬ್ಬರೇ ಇರುವ ನಿಮಗೆ ತಿಂಗಳ ಲೆಕ್ಕಕ್ಕಿಂತ ವಾರದ ಲೆಕ್ಕ ಹಿಡಿತಕ್ಕೆ ಸಿಗಬಹುದು. ಸೋಮವಾರ ಇಷ್ಟು ಎಂದು ಹಾಕಿ ನೋಡಿ, ಶುಕ್ರವಾರಕ್ಕೆ ಖಾಲಿಯಾದರೆ ಶನಿವಾರ ಏನು ಮಾಡುತ್ತೀರೋ ನಿಮಗೇ ಗೊತ್ತಾಗುತ್ತದೆ. ಊಟಕ್ಕೆ ಮಾತ್ರ ಇದರಲ್ಲಿ ಹಿಡಿಯಬೇಡಿ, ಮೆಸ್ಸಿನ ದುಡ್ಡು ಮೊದಲೇ ಬೇರೆ ಕೊಟ್ಟುಬಿಡಿ.

ಇಷ್ಟೆಲ್ಲ ಹೇಳಿದವಳ ಎರಡು ಸಾವಿರ ಈ ತಿಂಗಳು 23ಕ್ಕೇ ಮುಗಿಯಿತು. ಮೊನ್ನೆ ಬಸ್ಸು ತಪ್ಪಿ ಸಂಜೆ ರೈಲಿಗೆ ಬಂದೆ. ಮದ್ದೂರು ವಡೆಯವನು ಬುಟ್ಟಿಯ ಹಿಡಿಗೆ ಕ್ಯುಆರ್ ಕಟ್ಟಿಕೊಂಡು ಎದುರಿಗೆ ನಿಂತ. ಲೈಟಿನಲ್ಲಿ ಉಳಿದಿದ್ದು ನಾಲ್ಕು ರೂಪಾಯಿ. ಶ್ರೀರಂಗಪಟ್ಟಣ ದಾಟುವವರೆಗೆ ಯೋಚಿಸಿದೆ, ಆಮೇಲೆ ನೂರು ತುಂಬಿಸಿದೆ.