ವಸಂತದಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ತರಗತಿಯಲ್ಲಿ ಏನು ಕಲಿಯುತ್ತಿರುತ್ತಾರೆ?

ಕರ್ನಾಟಕದ ಸರ್ಕಾರಿ ಶಾಲೆಗಳ ಮಟ್ಟಿಗೆ ಹೇಳುವುದಾದರೆ, ಹೊಸ ಪಾಠ ಹೆಚ್ಚೇನೂ ಇರುವುದಿಲ್ಲ. ಮಾವು ಚಿಗುರಿ ಯುಗಾದಿ ಬರುವ ಹೊತ್ತಿಗೆ ನಮ್ಮ ಶಾಲಾ ವರ್ಷವೇ ಮುಗಿಯುತ್ತಾ ಬಂದಿರುತ್ತದೆ. ಮಾರ್ಚ್ ಎಂದರೆ ಪುನರಾವರ್ತನೆ ಮತ್ತು ವರ್ಷದ ಕೊನೆಯ ಸಂಕಲನಾತ್ಮಕ ಮೌಲ್ಯಮಾಪನ. ಏಪ್ರಿಲ್‌ನಲ್ಲಿ ಫಲಿತಾಂಶ, ಹಿಂದೆಯೇ ಬೇಸಿಗೆ ರಜೆ.

ನೋಡಬೇಕಾದದ್ದು ಒಂದರಿಂದ ಮೂರನೆಯ ತರಗತಿಯ ನಲಿ-ಕಲಿ ಕೊಠಡಿಯನ್ನು. ನಲಿ-ಕಲಿ ಎಂದರೆ ಆಟ, ಚಟುವಟಿಕೆ, ಕಾರ್ಡ್‌ಗಳ ಮೂಲಕ ಕಲಿಯುವುದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯಲ್ಲಿ ಪ್ರತಿ ಮಗುವೂ ಕಲಿಕೆಯ ಏಣಿಯನ್ನು, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಚಟುವಟಿಕೆಗಳನ್ನು, ತನ್ನದೇ ವೇಗದಲ್ಲಿ ಹತ್ತುತ್ತದೆ. ಅಕ್ಷರಗಳ ಆರಂಭ ಅ, ಆ, ಇ ಅಲ್ಲ. ರ, ಗ, ಸ, ದ, ಅ. ಇಷ್ಟು ಬಂದರೆ ಸಾಕು, 'ಅರಸ', 'ದಸರ', 'ಗರಗಸ' ಓದಿಬಿಡಬಹುದು! (ನಾವೆಲ್ಲ ಐವತ್ತು ಅಕ್ಷರ ಮುಗಿಯುವವರೆಗೆ ಕಾದವರು.) ಹೀಗಾಗಿ ಮಾರ್ಚ್‌ನಲ್ಲಿ ಒಂದೇ ಚಾಪೆಯ ಮೇಲೆ ಒಬ್ಬಳು ಒತ್ತಕ್ಷರದ ಕಾರ್ಡ್ ಹಿಡಿದು ಕುಳಿತಿದ್ದರೆ, ಪಕ್ಕದವನು ಇನ್ನೂ ಕಾಗುಣಿತದ ಕೊಂಬಿನೊಡನೆ ಗುದ್ದಾಡುತ್ತಿರುತ್ತಾನೆ. ಅದು ದಡ್ಡತನವಲ್ಲ, ಏಣಿಯ ಬೇರೆ ಮೆಟ್ಟಿಲು ಅಷ್ಟೇ.

ನಾಲ್ಕು, ಐದನೆಯ ತರಗತಿಯವರಿಗೆ ಮಗ್ಗಿ, ಭಾಗಾಕಾರ, ಭಿನ್ನರಾಶಿಗಳ ಮರು ಅಭ್ಯಾಸ. ಮನೆಯಲ್ಲಿ ಸಹಾಯ ಮಾಡುವುದಿದ್ದರೆ ಭಾಗಾಕಾರದಿಂದಲೇ ಶುರು ಮಾಡಿ. ಹೆಚ್ಚು ಮಕ್ಕಳು ಎಡವುವುದು ಅಲ್ಲೇ.